ನಾಲ್ಕನೇ ಬೆಂಚು ಮತ್ತು ಹಳೆ ಬಾವಿ

ವಾರ್ಸಿನಿಯ ಫೋನಿನಲ್ಲಿ ವಾರ್ಸಿನಿ ಎಂಬ ಹೆಸರು ಎಲ್ಲಿಯೂ ಇಲ್ಲ. ಅಲ್ಲಿ ಅವಳು 'ನಾಲ್ಕನೇ ಬೆಂಚು'. ಮುಖ ಇರಬೇಕಾದ ದುಂಡನೆಯ ಜಾಗದಲ್ಲಿ ಬಾಳೆಯೆಲೆಯಲ್ಲಿ ಸುತ್ತಿ ಕಟ್ಟಿದ ತೆಂಪೆಯ ಪೊಟ್ಟಣವೊಂದರ ಚಿತ್ರವಿದೆ. ಅವಳನ್ನು ಬಲ್ಲವರಿಗೆ ಎರಡೂ ಸರಿಯೆನಿಸುತ್ತವೆ. ಸೋಯಾ ಕಾಳು ನೆನೆಸಿ, ಬೇಯಿಸಿ, ಸಿಪ್ಪೆ ಬಿಡುವವರೆಗೆ ಬುಟ್ಟಿಯಲ್ಲಿ ಕಾಲಿನಿಂದ ತುಳಿದು, ಹುದುಗು ಬೆರೆಸಿ, ಎಲೆಯಲ್ಲಿ ಕಟ್ಟಿ, ಕಾಳುಗಳೆಲ್ಲ ಬಿಳಿಯ ಬೂಷ್ಟಿನಲ್ಲಿ ಒಂದಕ್ಕೊಂದು ಬೆಸೆಯುವವರೆಗೆ ಎರಡು ದಿನ ಕಾಯುವುದು ಅವಳ ಮನೆಯ ಮೂರು ತಲೆಮಾರಿನ ಕಸುಬು. ನಮ್ಮ ಕಾರಂಗ್‌ವಾರು ಊರಿನಲ್ಲಿ ಬೆಳಗಿನ ಅನ್ನದ ಪಕ್ಕದಲ್ಲಿ ಕರಿದ ತೆಂಪೆ ಇದ್ದರೆ ಅದು ಬಹುತೇಕ ಅವಳ ಕೈಯದು, ಅವಳು ಹೇಳುವಂತೆ ಅವಳ ಕಾಲಿನದು.

ಅವಳೂ ನಾನೂ ಒಂದೇ ವರ್ಷ ಹುಟ್ಟಿದವರು. ಅವಳು ನಾಲ್ಕು ತಿಂಗಳು ದೊಡ್ಡವಳಾದ ಕಾರಣ ನಾನು ಅವಳನ್ನು 'ಯು' ಎನ್ನುತ್ತೇನೆ. ನಮ್ಮ ಜಾವಾದ ಹಳ್ಳಿಗಳಲ್ಲಿ ಅಕ್ಕನನ್ನು ಕರೆಯುವುದು ಹಾಗೆ. ಅವಳು ನನ್ನನ್ನು ಪೊನಿಯಾ ಎನ್ನುತ್ತಾಳೆ, ಸಿಟ್ಟು ಬಂದಾಗ 'ಮೇಡಂ ಪೊನಿಯಾ' ಎನ್ನುತ್ತಾಳೆ.

ಅವಳ ಈ ಹೆಸರಿನ ಕಥೆಯನ್ನು ಬರೆಯಬೇಕಾದರೆ ತಂತಿಯಿಂದ ಆರಂಭಿಸಬೇಕು. ಫೋನು ನಮ್ಮ ಕಡೆ ಬರುವುದಕ್ಕೆ ಬಹಳ ಮೊದಲು, ನಾವು ಇಪ್ಪತ್ತರ ಆಸುಪಾಸಿನಲ್ಲಿದ್ದಾಗ, ನಮ್ಮ ಊರಿನ ಹುಡುಗರು ಮನೆಯಿಂದ ಮನೆಗೆ ಬಿದಿರಿನ ಗಳಗಳ ಮೇಲೆ ತಾಮ್ರದ ತಂತಿ ಎಳೆದರು. ಪ್ರತಿ ಮನೆಯಲ್ಲೂ ಅವರೇ ಜೋಡಿಸಿದ ಒಂದು ಮರದ ಪೆಟ್ಟಿಗೆ. ಅದರಲ್ಲಿ ಒಂದು ಸ್ಪೀಕರ್, ಒಂದು ಗುಂಡಿ. ಗುಂಡಿ ಒತ್ತಿ ಮಾತಾಡಿದರೆ ನಾಲ್ಕು ಊರಿನ ಅರವತ್ತು ಮನೆಗಳಲ್ಲಿ ಆ ಮಾತು ಒಟ್ಟಿಗೆ ಕೇಳಿಸುತ್ತಿತ್ತು. ಯಾರ ದನಿಯಾದರೂ ಮಡಕೆಯೊಳಗಿಂದ ಬಂದಂತೆ ಇರುತ್ತಿತ್ತು. ಸಂಜೆಯ ನಮಾಜು ಮುಗಿದ ಕೂಡಲೇ ತಂತಿ ಎಚ್ಚರಗೊಳ್ಳುತ್ತಿತ್ತು.

ತಂತಿಯ ಮೇಲೆ ಯಾರೂ ತಮ್ಮ ಸ್ವಂತ ಹೆಸರು ಹೇಳುತ್ತಿರಲಿಲ್ಲ. ಪ್ರತಿಯೊಬ್ಬರಿಗೂ ತಾವೇ ಆರಿಸಿಕೊಂಡ ಒಂದು ಗಾಳಿ ಹೆಸರು ಇತ್ತು. ಅದರ ಜೊತೆಗೆ ಒಂದು ಮರ್ಯಾದೆಯೂ ಇತ್ತು: ಗಾಳಿ ಹೆಸರನ್ನು ಹಗಲಿನಲ್ಲಿ, ಮುಖಾಮುಖಿಯಾಗಿ ಎತ್ತಬಾರದು. ಸಂಜೆ ತಂತಿಯಲ್ಲಿ ಗಂಟೆಗಟ್ಟಲೆ ಹರಟಿದವನು ಮರುದಿನ ಸಂತೆಯಲ್ಲಿ ಎದುರಾದರೆ "ನೀನೇ ಅಲ್ಲವೇ" ಎನ್ನುವುದು ಸ್ನಾನದ ಮನೆಯ ಬಾಗಿಲು ತಳ್ಳಿದಷ್ಟು ಅಸಭ್ಯ. ನಾವೆಲ್ಲ ಈ ಮರ್ಯಾದೆಯನ್ನು ಪಾಲಿಸಿದೆವು. ಮುಂದೆ ಹೇಳಲಿರುವ ತಪ್ಪು ನಡೆದದ್ದು ಈ ಮರ್ಯಾದೆಯಿಂದಲೇ.

ತೊಂಬತ್ತಾರರ ಮಳೆಗಾಲದಲ್ಲಿ ಒಂದು ಸಿಡಿಲು ತಂತಿಯನ್ನೂ ಮುಕ್ಕಾಲು ಪಾಲು ಪೆಟ್ಟಿಗೆಗಳನ್ನೂ ಸುಟ್ಟಿತು. ಮತ್ತೆ ಯಾರೂ ಕಟ್ಟಲಿಲ್ಲ. ಎರಡು ದಶಕಗಳ ಬಳಿಕ ಎಲ್ಲರ ಕೈಗೂ ಫೋನು ಬಂದಾಗ, ತಂತಿಯ ಹಳಬರಿಗಾಗಿ ಫೋನಿನಲ್ಲಿ ಒಂದು ಗುಂಪು ಹುಟ್ಟಿತು. ಅದರ ಬಾಗಿಲು ಕಾಯುವ ಕೆಲಸವನ್ನು ನನಗೆ ವಹಿಸಿದರು. ನಾನು ಒಂದೇ ನಿಯಮ ಮಾಡಿದೆ: ಒಳಗೆ ಬರುವವರು ತಮ್ಮ ಹಳೆಯ ಗಾಳಿ ಹೆಸರಿನಲ್ಲಿಯೇ ಬರಬೇಕು ಮತ್ತು ಆ ಹೆಸರನ್ನು ಏಕೆ ಆರಿಸಿಕೊಂಡರೆಂದು ಮೊದಲು ನನಗೆ ಬರೆದು ತಿಳಿಸಬೇಕು. 'ಸುಮ್ಮನೆ' ಎಂದು ಬರೆದ ನನ್ನ ಸ್ವಂತ ಅಣ್ಣನನ್ನು ಎರಡು ವಾರ ಹೊರಗೆ ನಿಲ್ಲಿಸಿದ್ದೆ.

ಆ ನಿಯಮದ ಫಲವಾಗಿ ನೂರ ಹನ್ನೆರಡು ಹೆಸರುಗಳ ಕಥೆ ನನ್ನ ಬಳಿ ಸೇರಿತು. 'ಒಂಟಿ ಚಪ್ಪಲಿ' ಎಂಬವನು ಬಸ್ಸಿನ ಕಂಡಕ್ಟರ್. ಮೆಚ್ಚಿದ ಹುಡುಗಿ ಹತ್ತಿದ ಬಸ್ಸನ್ನು ಹಿಡಿಯಲು ಓಡುವಾಗ ಕೆಸರಿನಲ್ಲಿ ಒಂದು ಚಪ್ಪಲಿ ಬಿಟ್ಟುಹೋಗಿತ್ತು. ಆ ಹುಡುಗಿ ಇಂದು ಅವನ ಹೆಂಡತಿ, ಚಪ್ಪಲಿ ಇನ್ನೂ ಸಿಕ್ಕಿಲ್ಲ. 'ಚಂದ್ರಿಕೆ' ಎಂಬುದು ಕ್ಷೌರಿಕ ತುಗಿರಾನ್. ಪೆಟ್ಟಿಗೆಯಲ್ಲಿ ದನಿಯ ಗುರುತು ಹತ್ತದೆಂದು ತಿಳಿದು ಎರಡು ವರ್ಷ ಹೆಣ್ಣಿನಂತೆ ಮಾತಾಡಿ ಮೂವರು ಅವಿವಾಹಿತರನ್ನು ಕಾಯಿಸಿದವನು. ಆ ಮೂವರೂ ಇಂದಿಗೂ ಅವನ ಬಳಿಯೇ ಕೂದಲು ಕತ್ತರಿಸಿಕೊಳ್ಳುತ್ತಾರೆ.

ವಾರ್ಸಿನಿ ಬರೆದುಕೊಟ್ಟದ್ದು ನಾಲ್ಕು ಸಾಲು. ಮೂರನೇ ತರಗತಿಯಲ್ಲಿ ಅವಳು ಕಿಟಕಿಯ ಪಕ್ಕದ ನಾಲ್ಕನೇ ಬೆಂಚಿನಲ್ಲಿ ಕೂರುತ್ತಿದ್ದಳು. ತಾಯಿ ಐದನೇ ಮಗುವನ್ನು ಹೆತ್ತಾಗ ಕಾಳು ತುಳಿಯಲು ಜನವಿರಲಿಲ್ಲ. ಒಂದು ವಾರಕ್ಕೆಂದು ಶಾಲೆ ಬಿಡಿಸಿದರು, ಆ ವಾರ ಮುಗಿಯಲೇ ಇಲ್ಲ. ಬೆಂಚಿನ ಮೇಲೆ ಅವಳು ಮೊಳೆಯಿಂದ ಗೀರಿದ್ದ ಒಂದು ಬಾತುಕೋಳಿಯ ಚಿತ್ರಕ್ಕೆ ಇನ್ನೂ ಕಾಲು ಬರೆಯುವುದು ಉಳಿದಿತ್ತು.

ತಂತಿಯಲ್ಲಿ ಅವಳು ಮೊದಲ ಬಾರಿ ಆ ಹೆಸರು ಹೇಳಿದ ಸಂಜೆ ಎಲ್ಲರೂ ನಕ್ಕರು. ಒಬ್ಬರು ಮಾತ್ರ ನಗಲಿಲ್ಲ. ಮಡಕೆಯೊಳಗಿನ ಒಂದು ನಿಧಾನದ ದನಿ ಕೇಳಿತು: "ನಾಲ್ಕನೇ ಬೆಂಚಿನವರು ಶಾಲೆ ಬಿಟ್ಟು ಎಷ್ಟು ವರ್ಷ ಆಯ್ತು? ಅಕ್ಷರ ನೆನಪಿದೆಯಾ?" ಆ ದನಿಯ ಹೆಸರು 'ಹಳೆ ಬಾವಿ'.

ಮುಂದಿನ ಸಂಜೆಯಿಂದ ಹಳೆ ಬಾವಿ ಅವಳಿಗೆ ಪಾಠ ಹೇಳತೊಡಗಿತು. ಕಣ್ಣಿಗೆ ಕಾಣದ ಶಿಷ್ಯೆಗೆ ನಾವು ಬರೆಯುವ ರೋಮನ್ ಅಕ್ಷರ ಕಲಿಸುವುದು ಹೇಗೆ? "ಒಂದು ಕೋಲು ನಿಲ್ಲಿಸಿ. ಅದರ ಬಲಗಡೆ ಕೆಳಗೆ ಒಂದು ಹೊಟ್ಟೆ. ಆಯ್ತಾ? ಇನ್ನೊಮ್ಮೆ. ಅವಸರ ಇಲ್ಲ." ವಾರ್ಸಿನಿಯ ಬಳಿ ಹಲಗೆಯಿರಲಿಲ್ಲ, ಬಾಳೆಯೆಲೆ ರಾಶಿ ರಾಶಿ ಇತ್ತು. ಬಿದಿರಿನ ಕಡ್ಡಿಯಿಂದ ಎಲೆಯ ಮೇಲೆ ಗೀರಿದರೆ ಸ್ವಲ್ಪ ಹೊತ್ತಿಗೆ ಗೀರು ಕಪ್ಪಾಗುತ್ತದೆ. ಅವಳು ಬರೆದ ಎಲೆಗಳನ್ನು ಬಿಸಾಡುವಂತಿರಲಿಲ್ಲ, ಅವುಗಳಲ್ಲಿಯೇ ತೆಂಪೆ ಕಟ್ಟಿ ಮಾರುತ್ತಿದ್ದಳು. ಎರಡು ದಿನದ ಮೇಲೆ ತಂತಿಯಲ್ಲಿ ಮಾತು ಬರುತ್ತಿತ್ತು: "ನಾಲ್ಕನೇ ಬೆಂಚು, ಇವತ್ತು ತಿಂದ ತೆಂಪೆಯ ಎಲೆ ಓದಿದೆ. ನಿಮ್ಮ 'ಆರ್' ಅಕ್ಷರ ಕುಂಟುತ್ತೆ. ಅದರ ಕಾಲು ನೆಲಕ್ಕೆ ಮುಟ್ಟಲಿ."

ಹೀಗೆ ಐದು ವರ್ಷ. ಅಕ್ಷರ, ಕೂಡಿಸುವುದು, ಕಳೆಯುವುದು, ಹಳೆಯ ಪತ್ರಿಕೆಯ ಸುದ್ದಿ, ನಕ್ಷೆ. ನಕ್ಷೆಯನ್ನೂ ಅವರು ದನಿಯಲ್ಲಿಯೇ ಬರೆದು ತೋರಿಸಿದರು. ಆ ಅಡಿಪಾಯದ ಮೇಲೆ ನಿಂತು ವಾರ್ಸಿನಿಯೂ ನಾನೂ ನಲವತ್ತರ ವಯಸ್ಸಿನಲ್ಲಿ ಪಂಚಾಯಿತಿ ಕಟ್ಟಡದ ಸಂಜೆ ತರಗತಿಗೆ ಹೋಗಿ, ಮಕ್ಕಳ ವಯಸ್ಸಿನವರ ಪಕ್ಕದಲ್ಲಿ ಪರೀಕ್ಷೆಗೆ ಕುಳಿತು ಪ್ರೌಢಶಾಲೆಯ ಪ್ರಮಾಣಪತ್ರ ಪಡೆದೆವು. ಅವಳು ತನ್ನ ತೆಂಪೆಗೆ ಪರವಾನಗಿ ಪಡೆದದ್ದು ತಾನೇ ಬರೆದ ಅರ್ಜಿಯಿಂದ.

ಹಳೆ ಬಾವಿ ಯಾರೆಂಬುದರಲ್ಲಿ ಅವಳಿಗೆ ಎಂದೂ ಸಂಶಯವಿರಲಿಲ್ಲ. ತಂತಿ ಮುಟ್ಟುವ ನಾಲ್ಕು ಊರಿನಲ್ಲಿ ಹಾಗೆ ಕಲಿಸಬಲ್ಲವರು ಒಬ್ಬರೇ, ಶಾಲೆಯ ಮುಖ್ಯೋಪಾಧ್ಯಾಯ ಪಾಕ್ ಪ್ರಾಯಿತ್ನೊ. ಹಿರಿಯ ಗಂಡಸರನ್ನು ನಾವು ಗೌರವದಿಂದ 'ಪಾಕ್' ಎನ್ನುತ್ತೇವೆ. ಅವರ ಹೆಂಡತಿ ದಿನವೂ ಅವಳಿಂದಲೇ ತೆಂಪೆ ಕೊಳ್ಳುತ್ತಿದ್ದರು. ಉಪವಾಸ ಮುಗಿದ ಲೆಬರಾನ್ ಹಬ್ಬದಲ್ಲಿ ಹಿರಿಯರ ಮನೆಗೆ ಹೋಗಿ ಕೈಮುಟ್ಟಿ ಕ್ಷಮೆ ಕೇಳುವುದು ನಮ್ಮ ರೂಢಿಯಷ್ಟೆ. ತೊಂಬತ್ತೆರಡರ ಹಬ್ಬದಿಂದ ವಾರ್ಸಿನಿ ಮೊದಲ ದರ್ಜೆಯ ಕಾಳಿನಿಂದ ಮಾಡಿದ ಇಪ್ಪತ್ತು ಪೊಟ್ಟಣ ತೆಂಪೆ ಹೊತ್ತು ಅವರ ಮನೆಗೆ ಹೋಗುತ್ತಿದ್ದಳು. "ಎಲ್ಲದಕ್ಕೂ ಉಪಕಾರ ಆಯ್ತು, ಪಾಕ್" ಎನ್ನುತ್ತಿದ್ದಳು. ಯಾವುದಕ್ಕೆ ಎಂದು ಹೇಳುವಂತಿರಲಿಲ್ಲ. ಅವರು ತಲೆಯಾಡಿಸಿ ತೆಗೆದುಕೊಳ್ಳುತ್ತಿದ್ದರು. ಇಪ್ಪತ್ತೇಳು ಹಬ್ಬಗಳು ಹೀಗೆಯೇ ನಡೆದವು.

ಕೊನೆಯ ಹಬ್ಬ ಕಳೆದ ಐದನೇ ವಾರ ಗುಂಪಿನ ಬಾಗಿಲಿಗೆ ಒಂದು ಕೋರಿಕೆ ಬಂತು. ಹೆಸರಿನ ಜಾಗದಲ್ಲಿ 'ಹಳೆ ಬಾವಿ'. ನಾನು ನಿಯಮದಂತೆ ಕಾರಣ ಕೇಳಿದೆ. ಉತ್ತರ ಮರುದಿನ ಬಂತು: "ಹೆಸರಿನ ಕಾರಣ ಬರೆಯಲಾರೆ. ದಯವಿಟ್ಟು ಕ್ಷಮಿಸಿ. ನಾಲ್ಕನೇ ಬೆಂಚು ಕ್ಷೇಮವೇ ಎಂಬುದನ್ನು ಮಾತ್ರ ತಿಳಿಸಿದರೆ ಸಾಕು."

ಕಾರಣವಿಲ್ಲದೆ ಪ್ರವೇಶವಿಲ್ಲವೆಂದು ನಾನು ಉತ್ತರ ಬರೆದೆ. ಆಮೇಲೆ ಫೋನು ತೆಗೆದುಕೊಂಡು ವಾರ್ಸಿನಿಯ ಮನೆಗೆ ಹೋದೆ. ಅವಳು ಬುಟ್ಟಿಯಲ್ಲಿ ನಿಂತು ಕಾಳು ತುಳಿಯುತ್ತಿದ್ದಳು.

"ಯಾರೋ ನಿನ್ನ ಗುರುಗಳ ಹೆಸರಿಟ್ಕೊಂಡು ಬಂದಿದಾರೆ ನೋಡು, ಯು."

ಅವಳು ಓದಿದಳು. ತುಳಿಯುವುದನ್ನು ನಿಲ್ಲಿಸಿದಳು.

"ಪಾಕ್ ಪ್ರಾಯಿತ್ನೊ ಹತ್ರ ಇಂಥ ಫೋನೇ ಇಲ್ಲ ಕಣೇ. ಕರೆ ಬಂದ್ರೆ ಹೆಂಡ್ತಿನ ಕೂಗ್ತಾರೆ."

"ಅದಕ್ಕೇ ಬಿಟ್ಕೊಂಡಿಲ್ಲ. ಯಾವನೋ ಕಳ್ಳ."

"ಕಳ್ಳ ನನ್ನ ಕ್ಷೇಮ ಯಾಕೆ ಕೇಳ್ತಾನೆ? ತೆಂಪೆ ಕದಿಯೋಕಾ?" ಅವಳು ಕಾಳಿನ ಸಿಪ್ಪೆ ಅಂಟಿದ ಕಾಲಿನಲ್ಲಿಯೇ ಇಳಿದು ಬಂದಳು. "ಬರಿ. ನಾನು ಚೆನ್ನಾಗಿದೀನಿ, ನೀವ್ಯಾರು, ನೋಡ್ಬೇಕು ಅಂತ ಬರಿ."

ಬರೆದೆ. ಈ ಬಾರಿ ಉತ್ತರ ಕೂಡಲೇ ಬಂತು: "ಸಂತೋಷ. ಬರುವುದು ಬೇಡ. ನೀವು ನನ್ನನ್ನು ಎಷ್ಟೋ ಸಲ ನೋಡಿದ್ದೀರಿ. ಮತ್ತೆ ನೋಡಿದರೆ ನಿಮಗೆ ನಿರಾಸೆಯಾದೀತು."

ವಾರ್ಸಿನಿ ಆ ಸಾಲನ್ನು ಗಟ್ಟಿಯಾಗಿ ಎರಡು ಬಾರಿ ಓದಿದಳು.

"ಪೊನಿಯಾ, ಇಪ್ಪತ್ತೇಳು ವರ್ಷ ನಾನು ಯಾರ ಕೈ ಮುಟ್ಟಿ ನಮಸ್ಕಾರ ಮಾಡ್ದೆ ಹಾಗಾದ್ರೆ? ಇವ್ರು ಬದುಕಿರೋವಾಗ್ಲೇ ಗೊತ್ತಾಗ್ಬೇಕು. ಸತ್ತ ಮೇಲೆ ಗೋರಿ ಹತ್ರ ತೆಂಪೆ ಇಟ್ರೆ ಇರುವೆ ತಿಂತಾವೆ."

ನಾವು ಹೋದಾಗ ಪಾಕ್ ಪ್ರಾಯಿತ್ನೊ ಅಂಗಳದಲ್ಲಿ ಕಂಬದ ಮೇಲಿನ ಹಕ್ಕಿ ಪಂಜರವನ್ನು ಹಗ್ಗ ಸಡಿಲಿಸಿ ಇಳಿಸುತ್ತಿದ್ದರು. ಎಪ್ಪತ್ಮೂರರ ವಯಸ್ಸಿನಲ್ಲೂ ಇಸ್ತ್ರಿ ಮಾಡಿದ ಅಂಗಿ. ವಾರ್ಸಿನಿ ನೆಲಕ್ಕೆ ಕುಳಿತು, ನಮ್ಮ ಕಾಲದ ಯಾರೂ ಎಂದೂ ಮಾಡದ ಕೆಲಸವನ್ನು ಮಾಡಿದಳು.

"ಪಾಕ್, ಮರ್ಯಾದೆ ಮೀರ್ತಾ ಇದೀನಿ, ಬೈಬೇಡಿ. ಹಳೆ ಬಾವಿ ನೀವಾ?"

ಅವರ ಕೈಯಲ್ಲಿದ್ದ ಹಗ್ಗ ಜಾರಿ ಪಂಜರ ಒಂದು ಮೊಳ ಕೆಳಗೆ ಕುಸಿಯಿತು. ಹಕ್ಕಿ ರೆಕ್ಕೆ ಬಡಿಯಿತು. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ, "ಹೇಳ್ರೀ. ಇಷ್ಟು ವರ್ಷ ನುಂಗಿದ್ದು ಸಾಲ್ದಾ?" ಎಂದರು.

"ನಾನಲ್ಲ, ವಾರ್ಸಿನಿ." ಅವರು ಬಿದಿರಿನ ಮಂಚದ ಮೇಲೆ ಕುಳಿತರು. "ಮೊದಲ್ನೇ ವರ್ಷ ನೀನು ಯಾಕೆ ತಂದೆ ಅಂತ್ಲೇ ಗೊತ್ತಾಗ್ಲಿಲ್ಲ. ನಿನ್ನ ತಮ್ಮ ಪಾಸಾಗಿದ್ದಕ್ಕೆ ಅಂದ್ಕೊಂಡೆ. ಎರಡನೇ ವರ್ಷ ಗೊತ್ತಾಯ್ತು. ಬಾಯಿ ಬಿಡೋಕೆ ಧೈರ್ಯ ಬರ್ಲಿಲ್ಲ. ಆ ದನಿ ಯಾರ್ದು ಅಂತ ನನಗೊಬ್ಬನಿಗೇ ತಿಳಿದಿತ್ತು. ಅವರ ಹತ್ರ ನಾನು ಹುಡುಗನಾಗಿದ್ದಾಗ ಪಾಠ ಕಲ್ತಿದ್ದೆ. ಅರವತ್ತೈದರಲ್ಲಿ ಕಮ್ಯುನಿಸ್ಟ್ ಅಂತ ಸರ್ಕಾರ ಅವ್ರನ್ನ ಹಿಡಿದು ಹದಿಮೂರು ವರ್ಷ ಸೆರೇಲಿ ಇಟ್ಟಿತ್ತು. ಬಿಟ್ಟ ಮೇಲೂ ಗುರುತಿನ ಚೀಟಿ ಮೇಲೆ ಮಾಜಿ ರಾಜಕೀಯ ಕೈದಿ ಅನ್ನೋ ಆ ಎರಡಕ್ಷರದ ಮುದ್ರೆ. ಅವ್ರು ಯಾರಿಗೂ ಪಾಠ ಹೇಳೋ ಹಾಗಿರ್ಲಿಲ್ಲ. ನಾನು ಅವರ ಹೆಸರು ಹೇಳಿದ್ರೆ ಅವ್ರಿಗೂ ಅಪಾಯ, ನನ್ನ ಕೆಲಸಕ್ಕೂ ಅಪಾಯ. ಮೊದಲ ಆರು ವರ್ಷದ ತೆಂಪೆ ನಾನೇ ತಿಂದೆ. ಹೆದರಿಕೆಯಿಂದ ತಿಂದೆ."

"ಹೆದರಿಕೆಗೆ ಮೆಣಸಿನಕಾಯಿ ಚಟ್ನಿ ಬೇರೆ ಅರೆಸ್ತಿದ್ರು," ಎಂದರು ಹೆಂಡತಿ.

"ಅರೆಸ್ತಿದ್ದೆ," ಎಂದು ಅವರು ಒಪ್ಪಿಕೊಂಡರು. "ಹಳೆ ಸರ್ಕಾರ ಬಿದ್ದ ಮೇಲೆ ಪ್ರತಿ ಹಬ್ಬ ಕಳೆದ ಎರಡನೇ ದಿನ ಬಸ್ ಹತ್ತಿ, ಅವ್ರು ಊರು ಬಿಟ್ಟು ಸೇರಿದ್ದ ಮಗೆಲಾಂಗ್ ಪಟ್ಟಣಕ್ಕೆ ಹೋಗಿ ಅವ್ರಿಗೆ ಕೊಟ್ಟು ಬರ್ತಿದ್ದೆ. ಇಪ್ಪತ್ತೂ ಪೊಟ್ಟಣ ಮುಂದಿಡ್ತಿದ್ದೆ. ಅರ್ಧ ಅವರೇ ವಾಪಸ್ ಕೊಡ್ತಿದ್ರು, ನಿನ್ನ ಹೆಂಡ್ತಿಗೆ ಅಂತ. ಯಾರು ಕಳಿಸಿದ್ದು ಅಂತ ನಾನು ಹೇಳ್ಬೇಕಾಗಿರ್ಲಿಲ್ಲ. ಎಲೆ ತಿರುಗಿಸಿ ನೋಡೋರು."

"ಯಾರು ಪಾಕ್ ಅವ್ರು?"

"ಸಾಮಿಜೊ. ಊರೆಲ್ಲ ಮೂಗ ಸಾಮಿಜೊ ಅಂತಿತ್ತಲ್ಲ, ಬಾವಿ ಶುಚಿ ಮಾಡ್ತಿದ್ದೋರು."

ಹಿಂದಿರುಗುವ ದಾರಿಯಲ್ಲಿ ವಾರ್ಸಿನಿ ಕಾಲುವೆಯ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ತೆಂಪೆ ಮಾಡುವ ಮನೆಗೆ ನೀರು ಬಹಳ ಬೇಕು. ವರ್ಷಕ್ಕೆ ಎರಡು ಬಾರಿ ಸಾಮಿಜೊ ಅವಳ ಬಾವಿಗೆ ಇಳಿದು ಕೆಸರು ಎತ್ತುತ್ತಿದ್ದರು. ಮಾತಿಲ್ಲ, ಕೈಸನ್ನೆ ಮಾತ್ರ.

"ನಾನು ಅವ್ರನ್ನ ಹಿತ್ತಲ ಮೆಟ್ಟಿಲ ಮೇಲೆ ಕೂರಿಸ್ತಿದ್ದೆ ಪೊನಿಯಾ. ಒಳಗೆ ಕರೀಲಿಲ್ಲ. ಮಾರಾಟ ಆಗ್ದೆ ಉಳಿದು ವಾಸನೆ ತಿರುಗಿದ ತೆಂಪೆದು ಸಾರು ಮಾಡಿ ಹಾಕ್ತಿದ್ದೆ. ಒಳ್ಳೇದು ಇಪ್ಪತ್ತು ಪೊಟ್ಟಣ ಮುಖ್ಯೋಪಾಧ್ಯಾಯರ ಮನೆಗೆ, ಹಳಸಿದ್ದು ನನ್ನ ಗುರುಗಳಿಗೆ."

ನಾನು ಸಮಾಧಾನ ಹೇಳುವ ಜಾತಿಯವಳಲ್ಲ. "ಎದ್ದೇಳು, ಕಾಳು ನೆನೆಹಾಕು," ಎಂದಷ್ಟೇ ಹೇಳಿದೆ.

ಬರಬೇಡಿರೆಂದವರ ಮನೆಗೆ ಹೋಗುವುದೆಂದು ಅವಳು ತೀರ್ಮಾನಿಸಿದಳು. ಆದರೆ ತೆಂಪೆಗೆ ಅದರದೇ ಕಾಲವಿದೆ. ಕಾಳು ಆರಿಸಿ, ನೆನೆಸಿ, ತುಳಿದು, ಕಟ್ಟಿ, ಬೂಷ್ಟು ಬೆಳೆಯುವವರೆಗೆ ನಾಲ್ಕು ದಿನ ಕಾದೆವು. ಆ ನಾಲ್ಕು ದಿನವೂ ಅವಳು ಗಳಿಗೆಗೊಮ್ಮೆ ಫೋನು ತೆಗೆದು 'ಹಳೆ ಬಾವಿ' ಎಂಬ ಹೆಸರು ಇನ್ನೂ ಬಾಗಿಲಲ್ಲಿ ನಿಂತಿದೆಯೇ ಎಂದು ಕೇಳುತ್ತಿದ್ದಳು. ನಿಂತಿತ್ತು.

ಮಗೆಲಾಂಗ್‌ನಲ್ಲಿ ಅವರು ತಂಗಿಯ ಮಗಳು ತಾರ್ವಿಯ ಮನೆಯಲ್ಲಿದ್ದರು. ತಾರ್ವಿ ಶಾಲಾ ಮಕ್ಕಳ ಬಟ್ಟೆ ಹೊಲಿಯುವ ಹೆಂಗಸು, ಫೋನು ಬಳಸುವುದನ್ನು ಅವರಿಗೆ ಕಲಿಸಿದವಳು ಅವಳೇ. ನಮ್ಮನ್ನು ಕಂಡೊಡನೆ, ಯಾರೆಂದು ಕೇಳದೆ, "ಹಿಂದೆ ಇದಾರೆ, ಹೋಗಿ" ಎಂದಳು.

ಹಿತ್ತಲಲ್ಲಿ, ಪಪ್ಪಾಯಿ ಗಿಡದ ನೆರಳಿನಲ್ಲಿ ಒಬ್ಬ ಸಣಕಲ ಮುದುಕರು ಕುಳಿತಿದ್ದರು. ವಾರ್ಸಿನಿಯನ್ನು ನೋಡಿ ಎದ್ದರು. ಹಳೆಯ ಅಭ್ಯಾಸದಂತೆ ಅವರ ಬಲಗೈ ತುಟಿಯ ಬಳಿಗೆ ಹೋಗಿ, 'ಮಾತಿಲ್ಲ' ಎಂಬ ಸನ್ನೆ ಮಾಡಿತು. ವಾರ್ಸಿನಿ ಮೊಣಕಾಲೂರಿ ಆ ಕೈಯನ್ನೇ ಹಿಡಿದು ಹಣೆಗೆ ಒತ್ತಿಕೊಂಡಳು. ಅವಳು ಬುಟ್ಟಿಯಿಂದ ಮೇಲಿನ ಪೊಟ್ಟಣವನ್ನು ತೆಗೆದು ಕೊಟ್ಟಳು.

ಅವರು ಪೊಟ್ಟಣವನ್ನು ತಿರುಗಿಸಿ ಎಲೆಯನ್ನು ಬೆಳಕಿಗೆ ಹಿಡಿದರು. ಅದರ ಮೇಲೆ ಬಿದಿರು ಕಡ್ಡಿಯಿಂದ ಗೀರಿ ಕಪ್ಪಾಗಿದ್ದ ಒಂದೇ ಪದವಿತ್ತು: ವಾರ್ಸಿನಿ. ತನ್ನ ಗುರುವಿಗೆ ಅವಳು ತನ್ನ ಹೆಸರು ಹೇಳಿದ್ದು ಅದೇ ಮೊದಲು.

"'ಆರ್' ಇನ್ನೂ ಕುಂಟ್ತಾ ಇದೆ," ಎಂದರು ಅವರು. ಮಡಕೆಯಿಲ್ಲದ ಆ ದನಿ ನಾನು ನೆನೆದಿದ್ದಕ್ಕಿಂತ ಮೆತ್ತಗಿತ್ತು. "ಇನ್ನೊಮ್ಮೆ. ಅವಸರ ಇಲ್ಲ."

ವಾರ್ಸಿನಿ ಅತ್ತಳು, ಅಳುತ್ತಲೇ ನಕ್ಕಳು. "ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿದೆನಲ್ಲ ಗುರುಗಳೇ, ವಾಸನೆ ತಿರುಗಿದ ತೆಂಪೆ ಹಾಕಿದೆನಲ್ಲ."

"ಅದೇ ರುಚಿ ಕಣಮ್ಮ! ಹುಳಿ ಬಂದ ತೆಂಪೆ ಸಾರು ಪಟ್ಟಣದಲ್ಲಿ ಎಲ್ಲಿ ಸಿಗುತ್ತೆ? ಹಬ್ಬದಲ್ಲಿ ಪ್ರಾಯಿತ್ನೊ ತರೋದೆಲ್ಲ ಹೊಸ್ದು. ಹಳೇದು ಯಾಕೆ ತರಲ್ಲ ಅಂತ ಕೇಳೋಕೆ ನಾಚಿಕೆ ಆಗ್ತಿತ್ತು."

ತಾರ್ವಿ ಚಹಾ ತಂದಳು. ಅವರು ನಿಧಾನವಾಗಿ, ಪಾಠ ಹೇಳುವಂತೆಯೇ, ಹೇಳುತ್ತ ಹೋದರು. ಸೆರೆಯಿಂದ ಬಂದಾಗ ಅವರಲ್ಲಿ ಮಾತು ಕಡಿಮೆಯಾಗಿತ್ತು. ತಂಗಿಯ ಊರಿನವರು ಮೂಗನೆಂದು ತಿಳಿದರು. ಅದೇ ಅನುಕೂಲವಾಯಿತು. ಮೂಗನನ್ನು ಯಾರೂ ಏನು ಯೋಚಿಸುತ್ತೀ ಎಂದು ಕೇಳುವುದಿಲ್ಲ. ಬೇರೆ ಕೆಲಸಕ್ಕೆಲ್ಲ ಗುರುತಿನ ಚೀಟಿ ಬೇಕು, ಬಾವಿಗೆ ಇಳಿಯುವವನ ಚೀಟಿಯನ್ನು ಯಾರೂ ಕೇಳಲಿಲ್ಲ.

"ಕೆಳಗೆ ಒಬ್ಬನೇ ಇರುವಾಗ ಮೆಲ್ಲಗೆ ಪಾಠ ಹೇಳ್ಕೋತಿದ್ದೆ. ಮರೆತು ಹೋಗ್ಬಾರ್ದಲ್ಲ. ಬಾವಿಯೊಳಗಿಂದ ದನಿ ಮೇಲಕ್ಕೆ ಹೋಗುತ್ತೆ, ಮುಖ ಕಾಣಲ್ಲ. ತಂಗಿ ಮಗ ಮನೆಗೆ ತಂತಿ ಎಳೆಸಿದಾಗ ಇದೂ ಹಾಗೇ ಅನ್ನಿಸ್ತು. ಅದಕ್ಕೇ ಆ ಹೆಸರು. ನಾಲ್ಕನೇ ಬೆಂಚು ಅಂತ ಒಬ್ರು ಬಂದ್ರಲ್ಲ, ಇಪ್ಪತ್ತೈದು ವರ್ಷ ಆಗಿತ್ತು ನಂಗೆ ಒಂದು ತರಗತಿ ಸಿಕ್ಕಿ. ಉಪಕಾರ ಆಗಿದ್ದು ನಿಮಗಲ್ಲಮ್ಮ."

ಆಮೇಲೆ ಅವರು ಒಂದು ಪ್ರಶ್ನೆ ಕೇಳಿದರು.

"ಇನ್ನೊಬ್ರು ಇದ್ರು. ಯಾರು ಅಂತ ತಿಳೀಲೇ ಇಲ್ಲ. ನಮ್ಮ ತಂತಿ ಗೊತ್ತಲ್ಲ, ಒಂದು ಪೆಟ್ಟಿಗೆ ಹೆಚ್ಚಾದ್ರೂ ದನಿ ಒಂಚೂರು ಇಳಿಯುತ್ತೆ. ಪ್ರತಿ ಸಂಜೆ ಪಾಠ ಶುರುವಾದ ಕೂಡ್ಲೇ ದನಿ ಇಳೀತಿತ್ತು. ಮುಗಿದ ಕೂಡ್ಲೇ ಏರ್ತಿತ್ತು. ಅವ್ರು ಒಂದು ದಿನಾನೂ ಗುಂಡಿ ಒತ್ತಿ ಮಾತಾಡ್ಲಿಲ್ಲ. ಅವರಿಗೂ ಕೇಳಿಸ್ಲಿ ಅಂತ ನಾನು ಸ್ವಲ್ಪ ಗಟ್ಟಿಯಾಗಿ ಹೇಳ್ತಿದ್ದೆ. ನಾನೇ ಅವ್ರಿಗೆ ಒಂದು ಹೆಸರಿಟ್ಟಿದ್ದೆ, 'ಕಿಟಕಿಯಾಚೆ' ಅಂತ. ಶಾಲೆ ಕಿಟಕಿ ಹೊರಗೆ ನಿಂತು ಕೇಳೋ ಮಕ್ಕಳಿರ್ತಾರಲ್ಲ, ಹಾಗೆ."

ವಾರ್ಸಿನಿ ನನ್ನತ್ತ ನೋಡಿದಳು. ಅವಳಿಗೂ ನಾನು ಎಂದೂ ಹೇಳಿರಲಿಲ್ಲ. ನಮ್ಮ ಮನೆಯ ಪೆಟ್ಟಿಗೆ ಅಣ್ಣನದು. ಸಂಜೆ ಅವನು ಅಂಗಡಿಗೆ ಹೋದಾಗ ನಾನು ಅದನ್ನು ತಂತಿಗೆ ಸಿಕ್ಕಿಸುತ್ತಿದ್ದೆ. ಇಪ್ಪತ್ತೊಂದರ ಹೆಣ್ಣು, ಅಕ್ಷರ ಬಾರದವಳೆಂದು ಅರವತ್ತು ಮನೆಗೆ ಕೇಳುವಂತೆ ಒಪ್ಪಿಕೊಳ್ಳಲು ನನ್ನ ಬಿಗುಮಾನ ಬಿಟ್ಟಿರಲಿಲ್ಲ.

"ನಾನೇ ಗುರುಗಳೇ," ಎಂದೆ.

"ಅಯ್ಯೋ ನಿನ್ನ!" ವಾರ್ಸಿನಿ ನನ್ನ ತೊಡೆಗೆ ಬಲವಾಗಿ ಹೊಡೆದಳು. "ಸಂಜೆ ಶಾಲೇಲಿ ನಿಂಗೆ ಎಲ್ಲಾ ಮೊದ್ಲೇ ಬರ್ತಿತ್ತಲ್ಲ, ನಾನು ಹುಟ್ಟು ಬುದ್ಧಿವಂತೆ ಅಂತಿದ್ಯಲ್ಲ ಮೇಡಂ ಪೊನಿಯಾ! ನಾಲ್ಕನೇ ಬೆಂಚು ಕಿಟಕಿ ಪಕ್ಕಾನೇ ಕಣೇ. ಕೈ ಚಾಚಿದ್ರೆ ಸಿಗ್ತಿದ್ದೆ."

ಗುರುಗಳು ನನ್ನತ್ತ ತಿರುಗಿ, "ಕೇಳಿಸ್ತಿತ್ತಾ ಸರಿಯಾಗಿ?" ಎಂದರು.

"ಪ್ರತಿ ಮಾತೂ."

ಹೊರಡುವ ಮೊದಲು ನಾನು ಗುಂಪಿನ ವಿಷಯ ಎತ್ತಿದೆ. ಕಾರಣವಿಲ್ಲದೆಯೂ ಅವರನ್ನು ಒಳಗೆ ಕರೆಯುತ್ತೇನೆಂದೆ. ಅವರು ತಲೆ ಅಲ್ಲಾಡಿಸಿದರು. "ನಿಯಮ ಅಂದ್ರೆ ನಿಯಮ. ಆದ್ರೆ ಬರೆದ್ರೆ ಈ ಮನೆಯವ್ರಿಗೆ ಏನೂ ತೊಂದ್ರೆ ಆಗಲ್ವಾ?"

"ಮಾವ, ಆ ಕಾಲ ಹೋಯ್ತು," ಎಂದಳು ತಾರ್ವಿ. "ನಾನೇ ಟೈಪ್ ಮಾಡ್ತೀನಿ, ಹೇಳಿ."

"ಬೇಡ. ಕಿಟಕಿಯಾಚೆಯವ್ರು ಬರೀಲಿ. ನಾನು ತಿದ್ದುತೀನಿ."

ಹಾಗಾಗಿ ಇದನ್ನು ಬರೆದೆ. ಅವರು ಓದಿ ಏಳು ಕಡೆ ತಿದ್ದಿ ಕಳಿಸಿದರು. ಸೆರೆಯ ಮಾತನ್ನು ತೆಗೆಯಬೇಕೆ ಎಂದು ಕೇಳಿದ್ದಕ್ಕೆ, "ಇರಲಿ" ಎಂದು ಬರೆದರು. ಹಳೆ ಬಾವಿಯನ್ನು ಒಳಗೆ ಬಿಟ್ಟುಕೊಂಡ ದಿನ ಗುಂಪಿನಲ್ಲಿ ಮೊದಲು ಮಾತಾಡಿದವನು ಕ್ಷೌರಿಕ ತುಗಿರಾನ್: "ಗುರುಗಳೇ, ಚಂದ್ರಿಕೆಯ ಹಾಡು ಶ್ರುತಿ ತಪ್ಪಿದೆ ಅಂತ ದಿನಾ ಹೇಳ್ತಿದ್ದೋರು ನೀವೇನಾ? ಮೂರು ಜನರ ಮುಂದೆ ನನ್ನ ಮಾನ ಕಳೆದಿದ್ರಿ." ಸಂಜೆಯವರೆಗೆ ಎಂಬತ್ತು ಜನ ನಮಸ್ಕಾರ ಬರೆದರು. ಅವರಲ್ಲಿ ಹನ್ನೊಂದು ಮಂದಿ, ಪಾಠದ ಹೊತ್ತಿಗೆ ತಾವೂ ಸುಮ್ಮನೆ ಪೆಟ್ಟಿಗೆ ಹಚ್ಚಿಟ್ಟು ಕೇಳುತ್ತಿದ್ದೆವೆಂದು ಒಪ್ಪಿಕೊಂಡರು.

ಅದುವರೆಗೆ ಗುಂಪಿನಲ್ಲಿ ನನಗೊಬ್ಬಳಿಗೇ ಗಾಳಿ ಹೆಸರು ಇರಲಿಲ್ಲ. ತಂತಿಯಲ್ಲಿ ಎಂದೂ ಮಾತಾಡದ ನಾನು ಪೊನಿಯಾ ಎಂದೇ ಬರೆದುಕೊಂಡಿದ್ದೆ. ಅದನ್ನು ಅಳಿಸಿ, ಗುರುಗಳು ಇಟ್ಟ ಹೆಸರನ್ನು ಬರೆದೆ. ಈ ವರ್ಷದ ಹಬ್ಬಕ್ಕೆ ವಾರ್ಸಿನಿಯೂ ನಾನೂ ಎರಡು ಮನೆಗೂ ಹೋಗುತ್ತೇವೆ. ಪಾಕ್ ಪ್ರಾಯಿತ್ನೊ ಅವರಿಗೆ ಹೊಸ ತೆಂಪೆ ಹತ್ತು ಪೊಟ್ಟಣ; ಬಸ್ಸಿನಲ್ಲಿ ಅಷ್ಟು ವರ್ಷ ಹೊತ್ತವರು ಅವರು. ಗುರುಗಳಿಗೆ ಹೊಸದು ಹತ್ತು, ಮತ್ತು ಬೇರೆ ಡಬ್ಬದಲ್ಲಿ, ನಾಲ್ಕು ದಿನ ಇಟ್ಟು ಹುಳಿ ತಂದದ್ದು ಹತ್ತು. ಎಲೆಯ ಮೇಲೆ ಹೆಸರು ಗೀರುವುದನ್ನು ವಾರ್ಸಿನಿ ಈಗಲೇ ಅಭ್ಯಾಸ ಮಾಡುತ್ತಿದ್ದಾಳೆ.

"ಕಾಲು ನೆಲಕ್ಕೆ ಮುಟ್ಟಿದೆಯಾ ನೋಡೇ," ಎಂದು ನಿನ್ನೆ ಎಲೆ ತೋರಿಸಿದಳು.

ಮುಟ್ಟಿತ್ತು. ಆದರೂ, "ಇನ್ನೊಮ್ಮೆ" ಎಂದೆ.